ಹಳದಿ ಗೆರೆಯ ಹಿಂದಿನ ಬೆಂಚು

ಫೆಲ್ಸಿ ಡಿಸೋಜ ಮೊದಲ ಸಲ ನನ್ನ ಅಂಗಡಿಗೆ ಬಂದ ದಿನ ನಾನು ಸೋನಾ ಮಸೂರಿ ಚೀಲಗಳ ಅಟ್ಟಿಯ ಮೇಲೆ ಒಂಟಿಕಾಲಲ್ಲಿ ನಿಂತು, ಮೇಲಿನ ಹಲಗೆಯಿಂದ ಉಪ್ಪಿನಕಾಯಿ ಪೆಟ್ಟಿಗೆಯೊಂದನ್ನು ಎಳೆಯುತ್ತಿದ್ದೆ. ನಮಸ್ಕಾರವಿಲ್ಲ, ಹಲೋ ಇಲ್ಲ. "ನಿಲ್ಲಿ. ಪೆಟ್ಟಿಗೆ ಬಿಡಿ. ಇಳಿಯಿರಿ," ಎಂದರು. ಅಂಗಡಿ ನನ್ನದು, ಪೆಟ್ಟಿಗೆ ನನ್ನದು, ಬಿದ್ದರೆ ಮುರಿಯುವ ಸೊಂಟವೂ ನನ್ನದೇ, ಆದರೂ ಇಳಿದೆ. ಇಳಿದು ನೋಡಿದರೆ ಕೆಳಗಿನ ಚೀಲದ ಹೊಲಿಗೆ ಬಿಚ್ಚಿ ಅಕ್ಕಿ ಸದ್ದಿಲ್ಲದೆ ಸೋರುತ್ತಿತ್ತು. ಆಮೇಲೆ ಅವರು, ಏನೂ ನಡೆದೇ ಇಲ್ಲವೆಂಬಂತೆ, "ಕುಚ್ಚಲಕ್ಕಿ ಉಂಟಾ?" ಎಂದು ಕೇಳಿದರು.

ಅಡಿಲೇಡಿನ ಪ್ರಾಸ್ಪೆಕ್ಟ್ ರಸ್ತೆಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡವನಿಗೆ ನಮ್ಮ ಜನರ ಗುಣವೆಲ್ಲ ಗೊತ್ತಾಗುತ್ತದೆ. ಬೆಂಗಳೂರಿನವರು ಪೊಟ್ಟಣ ತಿರುಗಿಸಿ ಕೊನೆಯ ದಿನಾಂಕ ಓದುತ್ತಾರೆ. ಮಂಗಳೂರಿನವರು ಒಣಮೀನು ಎಲ್ಲಿ ಎಂದು ಮೂಗಿನಿಂದಲೇ ಹುಡುಕುತ್ತಾರೆ. ಇಬ್ಬರೂ ಮನಸ್ಸಿನಲ್ಲಿ ನನ್ನನ್ನು ಕಳ್ಳ ಎಂದುಕೊಂಡು, ಬಾಯಲ್ಲಿ "ಪರವಾಗಿಲ್ಲ ಬಿಡಿ" ಅನ್ನುತ್ತಾರೆ. ಮನಸ್ಸಿನಲ್ಲಿ ಇದ್ದದ್ದನ್ನು ಆಗಲೇ, ಅಲ್ಲೇ, ಎದುರಿಗೇ ಹೇಳಿದ ಗಿರಾಕಿ ಫೆಲ್ಸಿ ಒಬ್ಬರೇ. ತಕ್ಕಡಿಯ ಮೇಲೆ ಬಟ್ಟಲಿಟ್ಟು ನಾನು ಗೋಡಂಬಿ ಸುರಿದರೆ, "ಬಟ್ಟಲಿಗೂ ಗೋಡಂಬಿ ರೇಟಾ ಮಾರಾಯ್ರೆ?" ಎಂದು ಇಡೀ ಸಾಲಿಗೆ ಕೇಳಿಸುವಂತೆ ವಿಚಾರಿಸಿದವರು. ಅಂದಿನಿಂದ ನಾನು ಬಟ್ಟಲಿನ ತೂಕ ಮೊದಲೇ ಕಳೆಯುತ್ತೇನೆ, ಕನಿಷ್ಠ ಅವರು ಬಂದಾಗ.

ಅವರು ಕಿನ್ನಿಗೋಳಿಯ ಕಡೆಯವರು. ಗಂಡ ಬ್ಯಾಪ್ಟಿಸ್ಟ್ ಕುವೈತಿನಲ್ಲಿ ಏಸಿ ರಿಪೇರಿ ಮಾಡಿಕೊಂಡಿದ್ದು, ಆಮೇಲೆ ಪರ್ತಿಗೆ ಬಂದು ಸ್ವಾನ್ ವ್ಯಾಲಿಯ ವೈನ್ ಕಾರ್ಖಾನೆಗಳ ತಂಪು ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದರು. ಮಗಳು ಡಯಾನಾ ಓದಲು ಅಡಿಲೇಡಿಗೆ ಬಂದಾಗ ಅಪ್ಪ ಅಮ್ಮ ಸಾಮಾನು ಕಟ್ಟಿಕೊಂಡು ಹಿಂದೆಯೇ ಬಂದರು. ಫೆಲ್ಸಿಗೆ ಇಲ್ಲಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಊರಿನ ಅರ್ಧಕ್ಕರ್ಧ ಕನ್ನಡಿಗರು ಅವರ ಮುಂದೆ ತೋಳು ಚಾಚಿದವರೇ. ಯಾರ ಸಕ್ಕರೆ ಎಷ್ಟೆಂದು ಅವರಿಗೆ ಗೊತ್ತು; ಅದಕ್ಕೆ ಕಾರಣವಾದ ಮೈಸೂರು ಪಾಕು ಎಷ್ಟೆಂದು ನನಗೆ ಗೊತ್ತು. ಇಬ್ಬರೂ ಯಾರಿಗೂ ಹೇಳುವುದಿಲ್ಲ. ನಮ್ಮ ಸ್ನೇಹ ಬೆಳೆದದ್ದೇ ಹೀಗೆ.

ಇಂಥ ಹೆಂಗಸು ಶನಿವಾರ ಮಧ್ಯಾಹ್ನ ಮಕ್ಕಳ ಕೈಗೆ ಕೋವಿ ಕೊಡುತ್ತಾರೆ ಎಂದು ತಿಳಿದಾಗ ನನ್ನ ಹೆಂಡತಿ ದಾಕ್ಷಾಯಣಿ, "ಸೂಜಿ ಸಾಲಲಿಲ್ಲೇನು ಆಯಮ್ಮಗ?" ಎಂದಿದ್ದಳು.

ಊರಿನ ಉತ್ತರಕ್ಕೆ, ಟೊಮೆಟೊ ಬೆಳೆಯುವ ಗಾಜಿನ ಮನೆಗಳನ್ನು ದಾಟಿದರೆ ಒಂದು ಸಣ್ಣ ಶೂಟಿಂಗ್ ಕ್ಲಬ್ಬು. ತಗಡಿನ ಉದ್ದನೆಯ ಶೆಡ್ಡು, ಒಂದು ತುದಿಗೆ ಮೇಜುಗಳು, ಇನ್ನೊಂದು ತುದಿಗೆ ಕಾಗದದ ಗುರಿಗಳು. ಮೇಜುಗಳ ಹಿಂದೆ ನೆಲದ ಮೇಲೊಂದು ಹಳದಿ ಗೆರೆ. ಗೆರೆಯ ಹಿಂದೆ ಒಂದು ಬೆಂಚು. ಅಲ್ಲಿ ಏರ್ ರೈಫಲ್ ಕಲಿಸುವ ಮಕ್ಕಳ ತರಗತಿ ಫೆಲ್ಸಿಯದು. ಕಲಿಸುತ್ತಾರೆ ಅನ್ನುವುದಕ್ಕಿಂತ ಕೂರಿಸುತ್ತಾರೆ ಅನ್ನುವುದು ಸರಿ. ಕಾನೂನು ಒಪ್ಪಿದ ವಯಸ್ಸಾಗಿ, ಅಪ್ಪ ಅಮ್ಮ ಸಹಿ ಹಾಕಿ, ಮೈಗೆ ಶೂಟಿಂಗಿನ ದಪ್ಪ ಕೋಟು ಸರಿಹೋದ ಮೇಲೂ ಮಗು ಆ ಬೆಂಚಿನ ಮೇಲೆ ಕೂತು ನೋಡುತ್ತಿರಬೇಕು. ಎಷ್ಟು ವಾರ? ಫೆಲ್ಸಿ ಸಾಕು ಅನ್ನುವವರೆಗೆ. ಯಾವಾಗ ಸಾಕು ಅನ್ನುತ್ತಾರೆ? ಅದನ್ನು ಅವರು ಯಾವ ತಂದೆತಾಯಿಗೂ ಹೇಳುತ್ತಿರಲಿಲ್ಲ.

ನನಗೆ ಹೇಳಿದ್ದರು. ನನಗೆ ಮಕ್ಕಳಿಲ್ಲ, ಮತ್ತು ಅಸಲು ಬೆಲೆಯನ್ನು ಬಾಯಿಬಿಡದೆ ಇಷ್ಟು ವರ್ಷ ವ್ಯಾಪಾರ ಮಾಡಿದ್ದೇನೆ.

"ರೈಫಲ್ ಖಾಲಿ ಅಂತ ನಾನೊಮ್ಮೆ, ಟ್ರೆವರ್ ಒಮ್ಮೆ ನೋಡ್ತೇವೆ," ಎಂದರು, ಕೊಬ್ಬರಿ ಎಣ್ಣೆಯ ಬಾಟಲಿ ಆರಿಸುತ್ತ. ಟ್ರೆವರ್ ಎಂದರೆ ಕ್ಲಬ್ಬಿನ ಅಧ್ಯಕ್ಷ, ಕೆಂಪು ಮುಖದ ನಿವೃತ್ತ ಪ್ಲಂಬರ್. "ಆಮೇಲೆ ನಾನು ಬೇಕಂತ ಒಂದು ತಪ್ಪು ಮಾಡ್ತೇನೆ. ಖಾಲಿ ರೈಫಲ್ ಮೇಜಿನ ಮೇಲೆ ಇಡುವಾಗ ನಳಿಗೆಯಲ್ಲಿ ಹಳದಿ ಕಡ್ಡಿ ತೂರಿಸಿ ಇಡ್ಬೇಕು. ಒಳಗೆ ಗುಂಡಿಲ್ಲ ಅಂತ ಎಲ್ಲರಿಗೂ ಕಾಣ್ಲಿಕ್ಕೆ. ನಾನು ಕಡ್ಡಿ ಹಾಕುವುದಿಲ್ಲ. ಅಥವಾ ಟ್ರೆವರ್ ಗುರಿಯ ಹತ್ತಿರ ಇರುವಾಗ ನಾನು ರೈಫಲಿಗೆ ಕೈ ಹಾಕ್ತೇನೆ. ಬೆಂಚಿನಲ್ಲಿರುವ ಮಗು 'ಸ್ಟಾಪ್' ಅಂತ ಕೂಗ್ಬೇಕು. ಕೂಗಿದರೆ ಆಯ್ತು. ಆ ಮಗು ತಯಾರು."

"ಅಷ್ಟೇನಾ?"

"ಅಷ್ಟೇ ಎಂತ ಅಷ್ಟೇ. ನಮ್ಮ ಮಕ್ಕಳಿಗೆ ದೊಡ್ಡವರ ಮಾತಿನ ನಡುವೆ ಬಾಯಿ ಹಾಕ್ಬಾರ್ದು ಅಂತ ಹಾಲಿನೊಟ್ಟಿಗೆ ಕುಡಿಸಿರ್ತಾರೆ. ಗುರಿ ಇಡ್ಲಿಕ್ಕೆ ಯಾವ ಮಗುವಿಗೂ ಕಲಿಸ್ಬಹುದು. ದೊಡ್ಡವರನ್ನು ತಡೀಲಿಕ್ಕೆ ಕಲಿಸುವುದು ಸುಲಭ ಇಲ್ಲ."

"ಹಾಗಾದ್ರೆ ಅಪ್ಪ ಅಮ್ಮನಿಗೆ ಹೇಳಿಬಿಡಿ. ಮನೇಲಿ ಹೇಳಿಕೊಡ್ತಾರೆ."

"ಹೇಳಿದ್ರೆ ಅದಕ್ಕೂ ಟ್ಯೂಷನ್ ಇಡ್ತಾರೆ," ಎಂದರು ಫೆಲ್ಸಿ. ಅವರ ಮಾತು ಸುಳ್ಳಲ್ಲ. ನನ್ನ ಅಂಗಡಿಯ ಬಾಗಿಲಿಗೆ ಅಂಟಿಸಿರುವ ಟ್ಯೂಷನ್ ಚೀಟಿಗಳನ್ನು ಕಿತ್ತರೆ ಬಾಗಿಲೇ ಹಗುರಾದೀತು.

ಈ ಹಠಕ್ಕೆ ಬೇರು ಮಂಗಳೂರಿನಲ್ಲಿತ್ತು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದ ಫೆಲ್ಸಿ ಒಂದು ಕ್ಯಾಂಪಿನಲ್ಲಿ ಮಣ್ಣಿನ ಮೇಲೆ ಬೋರಲಾಗಿ ಮಲಗಿ ಗುಂಡು ಹೊಡೆಯುವ ಸರದಿಗೆ ಕಾಯುತ್ತಿದ್ದರು. ಕಲಿಸುವ ಹವಾಲ್ದಾರರನ್ನು ಹುಡುಗಿಯರು ಉಸ್ತಾದ್ ಎಂದು ಕರೆಯುತ್ತಿದ್ದರಂತೆ. ಆ ಉಸ್ತಾದ್ ಗುರಿ ಸರಿಪಡಿಸಲು ಮುಂದೆ ಹೋಗಿದ್ದಾಗ ಪಕ್ಕದ ಹುಡುಗಿ ರೈಫಲ್ ಎತ್ತಿಕೊಂಡಳು. ಫೆಲ್ಸಿ ಗಂಟಲು ಹರಿಯುವಂತೆ "ನಿಲ್ಲಿಸಿ" ಎಂದು ಕೂಗಿದರು. ಹುಡುಗಿ ರೈಫಲ್ ಇಳಿಸಿದಳು, ಯಾರಿಗೂ ಏನೂ ಆಗಲಿಲ್ಲ. ಉಸ್ತಾದ್ ವಾಪಸು ಬಂದು, ಅಪ್ಪಣೆಯಿಲ್ಲದೆ ಕಿರುಚಿದ್ದಕ್ಕೆ ಫೆಲ್ಸಿಯನ್ನು ರೈಫಲ್ ತಲೆಯ ಮೇಲೆ ಹಿಡಿಸಿ ಮೈದಾನ ಸುತ್ತಿಸಿದರು.

"ಕೈ ನೋವು ಎರಡು ದಿನಕ್ಕೆ ಹೋಯ್ತು. ಸಿಟ್ಟು ಕುವೈತಿಗೂ ಬಂತು," ಎನ್ನುತ್ತಿದ್ದರು.

ಆ ಸಿಟ್ಟು ಇಳಿದದ್ದು ಪರ್ತಿನಲ್ಲಿ. ಬ್ಯಾಪ್ಟಿಸ್ಟ್ ಜೊತೆ ಕೆಲಸ ಮಾಡುವವನೊಬ್ಬ ಭಾನುವಾರ ತನ್ನ ಕ್ಲಬ್ಬಿಗೆ ಕರೆದುಕೊಂಡು ಹೋಗಿದ್ದ. ಗಡ್ಡದ ದೊಡ್ಡ ದೊಡ್ಡ ಗಂಡಸರು ಸಾಲಾಗಿ ನಿಂತು ಗುರಿ ಹಿಡಿದಿದ್ದರು. ಹಿಂದೆ ಕೂತಿದ್ದ ಎರಡು ಜಡೆಯ ಹುಡುಗಿಯೊಬ್ಬಳು "ಸ್ಟಾಪ್" ಎಂದಳು. ಅಷ್ಟೂ ಗಂಡಸರು ಆ ಕ್ಷಣವೇ ರೈಫಲ್ ಕೆಳಗಿಟ್ಟು ಹಿಂದೆ ಸರಿದರು. ಯಾಕೆ ಎಂದು ಕೇಳಿದ್ದು ಆಮೇಲೆ. ಗುರಿಯ ಹಿಂದಿನ ಪೊದೆಯಲ್ಲಿ ಏನೋ ಅಲುಗಿದ್ದನ್ನು ಅವಳು ಕಂಡಿದ್ದಳು. ನೋಡಿದರೆ ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಚೀಲ. ಯಾರೂ ಬೈಯಲಿಲ್ಲ, ಯಾರೂ ನಗಲಿಲ್ಲ. ಒಬ್ಬ ಮುದುಕ ಅವಳ ಕೈ ಕುಲುಕಿ, "ಗುಡ್ ಕಾಲ್," ಸರಿಯಾಗಿ ಕೂಗಿದೆ, ಎಂದನಂತೆ. ಫೆಲ್ಸಿ ಅವತ್ತೇ ಆ ಕ್ಲಬ್ಬಿಗೆ ಹೆಸರು ಕೊಟ್ಟರು. ಬ್ಯಾಪ್ಟಿಸ್ಟ್ ಮಾತ್ರ ಇಂದಿಗೂ ಬಾರ್ಬಿಯ, ಅಂದರೆ ಮಾಂಸ ಸುಡುವ ಒಲೆಯ, ಹೊಗೆಯ ಹತ್ತಿರವೇ ನಿಲ್ಲುವ ಮನುಷ್ಯ.

ಇನ್ನು ನಾಗರಾಜನ ವಿಷಯ. ಮೈಸೂರಿನ ಇಂಜಿನಿಯರು, ಒಳ್ಳೆಯವನು, ಸ್ವಲ್ಪ ಜಾಸ್ತಿಯೇ ಒಳ್ಳೆಯವನು. ಹೆಂಡತಿ ಕಸ್ತೂರಿ. ಹನ್ನೊಂದು ವರ್ಷದ ಮಗಳು ಪ್ರಣತಿ, ಆರು ವರ್ಷದ ಮಗ ಅಮೋಘ. ಶಾಲೆಯ ಒಂದು ಶಿಬಿರದಲ್ಲಿ ಏರ್ ರೈಫಲ್ ನೋಡಿದ ಪ್ರಣತಿಗೆ ಅದರ ಹುಚ್ಚು ಹತ್ತಿತ್ತು. ಆ ಹುಡುಗಿ ಎಂಥವಳೆಂದರೆ ನನ್ನ ಅಂಗಡಿಯಲ್ಲಿ ಅವಳಮ್ಮ ಅರ್ಧ ಗಂಟೆ ಬೇಳೆ ಆರಿಸಿದರೂ ಕೈಕಟ್ಟಿಕೊಂಡು ನಿಂತಿರುತ್ತಾಳೆ. ಚಾಕೊಲೇಟ್ ಬೇಕೇ ಎಂದರೆ ಅಮ್ಮನ ಮುಖ ನೋಡುತ್ತಾಳೆ. ಕನ್ನಡ ಎಲ್ಲ ಅರ್ಥವಾಗುತ್ತದೆ. ಉತ್ತರ ಇಂಗ್ಲಿಷಿನಲ್ಲಿ, ಅದೂ ಪಿಸುಮಾತಿನಲ್ಲಿ.

ಪ್ರಣತಿ ಬೆಂಚಿಗೆ ಸೇರಿದ ವಾರವೇ ಅಲ್ಲಿಗೆ ಬಂದ ಇನ್ನೊಬ್ಬ ಲಿನೆಟ್‌ಳ ಮಗ ಜಾಕ್ಸನ್. ಲಿನೆಟ್ ಉಡುಪಿಯ ಕಡೆಯವಳು, ಫೆಲ್ಸಿ ಹೋಗುವ ಚರ್ಚಿಗೇ ಹೋಗುವವಳು. ಜಾಕ್ಸನ್ ನನ್ನ ಅಂಗಡಿಗೆ ಬಂದರೆ ನಾನು ಕೌಂಟರ್ ಬಿಟ್ಟು ಕದಲುವುದಿಲ್ಲ. ಎರಡನೆಯ ಶನಿವಾರವೇ, ಬಾಯ್ತುಂಬ ಚಕ್ಕುಲಿ ಇಟ್ಟುಕೊಂಡಿದ್ದ ಈ ಪುಂಡ, ಫೆಲ್ಸಿ ಕಡ್ಡಿ ಹಾಕದೆ ರೈಫಲ್ ಇಟ್ಟದ್ದನ್ನು ನೋಡಿ, ಚಕ್ಕುಲಿಯ ಪುಡಿ ಹಾರಿಸುತ್ತ, "ಸ್ಟಾಪ್! ಆಂಟಿ, ಯು ಫರ್ಗಾಟ್ ದ ಯೆಲ್ಲೋ ಥಿಂಗ್!" ಎಂದು ಕೂಗಿದ. ಮೂರನೆಯ ಶನಿವಾರ ಅವನ ಕೈಗೆ ರೈಫಲ್ ಬಂತು.

ಪ್ರಣತಿ ಬೆಂಚಿನ ಮೇಲೆಯೇ ಉಳಿದಳು. ಇಲ್ಲಿನ ಚಳಿಗಾಲ, ಜೂನ್‌ನಿಂದ ಆಗಸ್ಟ್‌ವರೆಗೆ, ಪೂರ್ತಿ ಉಳಿದಳು.

"ಅವಳು ಎಲ್ಲಾ ನೋಡ್ತಾಳೆ ಮಾರಾಯ್ರೆ," ಎಂದು ಫೆಲ್ಸಿ ನನ್ನ ಮುಂದೆ ಕೈಚೆಲ್ಲಿದ್ದರು. "ಕಡ್ಡಿ ಹಾಕದಿದ್ದರೆ ಅವಳ ಕಣ್ಣು ಅಲ್ಲಿಗೇ ಹೋಗ್ತದೆ. ತುಟಿ ಕಚ್ತಾಳೆ. ಆಮೇಲೆ ಸುಮ್ಮನೆ. ಯಾಕೆ ಹೇಳ್ಲಿಲ್ಲ ಮಗ ಅಂತ ಕೇಳಿದ್ರೆ, ಐ ಥಾಟ್ ಯು ನ್ಯೂ, ಆಂಟಿ, ಅಂತಾಳೆ. ದೊಡ್ಡವರಿಗೆ ಗೊತ್ತೇ ಇರ್ತದಂತೆ. ಜಾಕ್ಸನ್‌ಗಿಂತ ಇವಳ ಕೈ ಎಷ್ಟೋ ಗಟ್ಟಿ. ಆದರೆ ಈ ಮೌನದ ಪಕ್ಕದಲ್ಲಿ ನಾನು ಇನ್ನೊಂದು ಮಗುವನ್ನು ಹೇಗೆ ನಿಲ್ಲಿಸುವುದು?"

ಇತ್ತ ನಾಗರಾಜ ನನ್ನ ಕೌಂಟರಿಗೆ ಮೊಣಕೈ ಊರಿ ತನ್ನ ದುಃಖ ತೋಡಿಕೊಂಡ. "ನೋಡಿ ಶಂಕರಪ್ಪನವ್ರೇ, ನನ್ ಮಗಳು ಒಂದಿನ ಎದುರು ಮಾತಾಡ್ದವಳಲ್ಲ. ಇಡೀ ಕ್ಲಾಸಲ್ಲಿ ಅಷ್ಟು ಶಿಸ್ತಿನ ಮಗು ಇನ್ನೊಂದಿಲ್ಲ. ಅವಳಿಗೆ ಗನ್ ಕೊಡಲ್ವಂತೆ. ಆ ಜಾಕ್ಸನ್ ಇದಾನಲ್ಲ, ಪೆಟ್ರೋಲ್ ಬಂಕಲ್ಲಿ ಟೈರಿಗೆ ಗಾಳಿ ಹಾಕೋ ಪೈಪಲ್ಲಿ ತಮ್ಮನ ಕೂದಲು ಒಣಗಿಸಿದವನು, ಅವನಿಗೆ ಕೊಟ್ರು. ಯಾಕೆ ಅಂತ ನಾನು ಬಾಯ್ಬಿಟ್ಟು ಹೇಳ್ಬೇಕಾ? ಒಂದೇ ಚರ್ಚು."

"ಹಂಗೇನಿರಲಿಕ್ಕಿಲ್ಲ ಬಿಡ್ರಿ," ಎಂದೆ. ನಾಲಿಗೆಯ ತುದಿಗೆ ಬಂದಿದ್ದ ಗುಟ್ಟನ್ನು ನುಂಗಲು ಒಂದು ಗೋಡಂಬಿ ಬಾಯಿಗೆ ಹಾಕಿಕೊಂಡೆ.

ನಾಗರಾಜ ಟ್ರೆವರ್‌ಗೆ ದೂರು ಕೊಟ್ಟ. ಟ್ರೆವರ್ ಫೆಲ್ಸಿಯನ್ನು ಕರೆದು ಕೂರಿಸಿ ಹೇಳಿದ: ಅಕ್ಟೋಬರ್ ಕೊನೆಗೆ ಸಮಿತಿ ಸೇರುತ್ತದೆ. ಇನ್ನೊಬ್ಬ ಕೋಚ್ ತರಗತಿ ವಹಿಸಿಕೊಳ್ಳಲು ತಯಾರಿದ್ದಾನೆ. ಕಾನೂನು ಒಪ್ಪಿದ ವಯಸ್ಸಾದ ಮಗುವಿಗೆ ಮೊದಲ ದಿನವೇ ರೈಫಲ್ ಕೊಡುತ್ತಾನೆ. ಸಮಿತಿಯಲ್ಲಿ ಹಲವರಿಗೆ ಅದೇ ಸಲೀಸು ಅನಿಸಿದೆ. ಪ್ರಣತಿಯನ್ನು ಬೆಂಚಿನಿಂದ ಎಬ್ಬಿಸಿಬಿಟ್ಟರೆ ದೂರು ತಾನೇ ಬಿದ್ದುಹೋಗುತ್ತದೆ.

"ಎಬ್ಬಿಸಿಬಿಡ್ರಲ್ಲ," ಎಂದೆ ನಾನು. ವ್ಯಾಪಾರಿಯ ಬುದ್ಧಿ. "ಒಂದು ಮಗು, ಒಂದು ಸಲ."

ಫೆಲ್ಸಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ತಯಾರಿಲ್ಲದ ಮಗುವನ್ನು ತಯಾರು ಅಂತ ಹೇಳಿ ಉಳಿಸಿಕೊಳ್ಳುವ ಕ್ಲಾಸು ನನಗೆ ಯಾಕೆ? ಬಿಟ್ಟುಕೊಡ್ತೇನೆ." ಹಾಗೆಂದರು, ಆದರೆ ಆವತ್ತು ಕುಚ್ಚಲಕ್ಕಿಯ ಚೀಲವನ್ನು ಕೌಂಟರಿನ ಮೇಲೆಯೇ ಮರೆತು ಹೋದರು. ಯಾವುದನ್ನೂ ಮರೆಯುವ ಹೆಂಗಸಲ್ಲ ಅದು. ಶನಿವಾರದ ಆ ತರಗತಿ ಅವರಿಗೆ ಏನೆಂದು ಆ ಚೀಲ ನೋಡಿ ನನಗೆ ಅರ್ಥವಾಯಿತು.

ಅಷ್ಟರಲ್ಲಿ ನವರಾತ್ರಿ ಬಂತು. ನನಗೆ ಸುಗ್ಗಿ. ಬೂದುಗುಂಬಳ, ನಿಂಬೆಹಣ್ಣು, ಕುಂಕುಮ, ಊದುಬತ್ತಿ ಎಲ್ಲವನ್ನೂ ಸೇರಿಸಿ 'ಆಯುಧ ಪೂಜೆ ಸೆಟ್' ಎಂದು ಹೆಸರಿಟ್ಟು ಮಾರುತ್ತೇನೆ. ಬಿಡಿಯಾಗಿ ಕೊಂಡರೆ ಅಗ್ಗ. ಬಿಡಿಯಾಗಿ ಕೊಳ್ಳುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ನಮ್ಮ ಜನ ಇಲ್ಲಿ ಕಾರಿಗೆ, ಲ್ಯಾಪ್‌ಟಾಪಿಗೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ, ಒಬ್ಬರು ಕಾಫಿ ಮೆಷಿನ್ನಿಗೂ ಕುಂಕುಮ ಹಚ್ಚುತ್ತಾರೆ. ಕಸ್ತೂರಿಗೆ ಆ ವರ್ಷ ಹೊಸದೊಂದು ಹೊಳೆಯಿತು.

"ಅಲ್ಲ ಮೇಡಂ," ಎಂದು ನನ್ನ ಅಂಗಡಿಯಲ್ಲೇ ಫೆಲ್ಸಿಯನ್ನು ಹಿಡಿದಳು, "ಆಯುಧ ಪೂಜೆ ಅಂತ ಮಿಕ್ಸಿಗೆಲ್ಲಾ ಮಾಡ್ತೀವಿ. ನಿಜವಾದ ಆಯುಧಕ್ಕೇ ಮಾಡಿಲ್ಲ. ಅದಕ್ಕೇ ಇವಳಿಗೆ ಆ ವಿದ್ಯೆ ಹತ್ತುತ್ತಿಲ್ಲ ಅನ್ಸುತ್ತೆ. ಕನ್ನಡ ಸಂಘದ ಪೂಜೆ ಇದೆಯಲ್ಲ, ಹಾಲ್‌ಗೆ ಆ ರೈಫಲ್ ಒಂದು ತಗೊಂಡ್ಬನ್ನಿ. ಒಂದು ಹೂವು ಇಟ್ಟು ಕೊಟ್ಬಿಡ್ತೀವಿ."

ನಾನು ತಲೆ ಬಗ್ಗಿಸಿ ನಿಂಬೆಹಣ್ಣು ಎಣಿಸುವವನಂತೆ ನಟಿಸಿದೆ.

"ಹಾಲ್‌ಗೆ ರೈಫಲ್ ತಗೊಂಡು ಬಂದ್ರೆ ಪ್ರಸಾದಕ್ಕೆ ಪೊಲೀಸರೂ ಬರ್ತಾರೆ," ಎಂದರು ಫೆಲ್ಸಿ. "ಅದು ಕ್ಲಬ್ಬಿನ ಕಬ್ಬಿಣದ ಬೀರು ಬಿಟ್ಟು ಎಲ್ಲಿಗೂ ಬರುವುದಿಲ್ಲ. ನೀವೇ ಅಲ್ಲಿಗೆ ಬನ್ನಿ."

"ನಿಮಗೇನೂ ಅಭ್ಯಂತರ ಇಲ್ವಾ? ಅಂದ್ರೆ, ನಿಮ್ಮಲ್ಲಿ..."

"ನಮ್ಮ ಫಾದರ್ ಬ್ಯಾಪ್ಟಿಸ್ಟ್‌ನ ಹಳೇ ಯೂಟ್ ಗಾಡಿಗೂ ತೀರ್ಥ ಹಾಕಿದ್ದಾರೆ. ಅದು ಮರುದಿನವೇ ಕೆಟ್ಟಿತು, ಅದು ಬೇರೆ ವಿಷಯ."

ಹಾಗೆ ಆ ಶನಿವಾರ ಮಧ್ಯಾಹ್ನ ನಾವೆಲ್ಲ ತಗಡಿನ ಶೆಡ್ಡಿನಲ್ಲಿ ಸೇರಿದೆವು. ಸೆಟ್ಟಿನೊಂದಿಗೆ ನಾನೂ ಹೋದೆ. ಇಂಥದ್ದನ್ನು ನೋಡದೆ ಅಂಗಡಿಯಲ್ಲಿ ಕೂರುವುದು ನನ್ನಿಂದಾಗಲಿಲ್ಲ. ಟ್ರೆವರ್ ಒಂದು ರೈಫಲ್ ತಂದ. ಅವನು ನೋಡಿ, ಫೆಲ್ಸಿ ನೋಡಿ, ಖಾಲಿ ಎಂದು ಇಬ್ಬರೂ ಜೋರಾಗಿ ಹೇಳಿ, ನಳಿಗೆಯಲ್ಲಿ ಹಳದಿ ಕಡ್ಡಿ ತೂರಿಸಿ, ಬಾಯಿ ಗುರಿಯ ಕಡೆಗಿರುವಂತೆ ಮೇಜಿನ ಮೇಲಿಟ್ಟರು. ಕುಂಕುಮ ಲೋಹಕ್ಕೆ ತಾಗಬಾರದೆಂದು ಟ್ರೆವರ್ ಕೈಮುಗಿದು ಬೇಡಿದ. ಬಹಳ ಚೌಕಾಸಿಯ ನಂತರ ಕುಂಕುಮ ಮೇಜಿಗೆ, ಸೇವಂತಿಗೆ ಮಾತ್ರ ರೈಫಲಿನ ಮರದ ಹಿಡಿಗೆ ಎಂದು ತೀರ್ಮಾನವಾಯಿತು. ಮಂತ್ರ ನಾಗರಾಜನ ಫೋನಿನಿಂದ ಬಂತು. ನಡುವೆ ಕಾರ್ ವಿಮೆಯ ಜಾಹೀರಾತೂ ಬಂತು, ಅದಕ್ಕೂ ಒಬ್ಬಿಬ್ಬರು ಕೈಮುಗಿದರು. ಪ್ರಣತಿ ಎಂದಿನಂತೆ ಗೆರೆಯ ಹಿಂದಿನ ಬೆಂಚಿನ ಮೇಲೆ, ಮಂಡಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಜಾಕ್ಸನ್, ಪ್ರಸಾದದ ಮೇಲೆ ಕಣ್ಣು.

ಮಂಗಳಾರತಿ ಆಯಿತು. ಫೆಲ್ಸಿ ತಟ್ಟೆ ಹಿಡಿದು ಕೋಸಂಬರಿ ಹಂಚಲು ಶೆಡ್ಡಿನ ಬಾಗಿಲ ತುದಿಯಲ್ಲಿದ್ದವರ ಕಡೆಗೆ ಹೋದರು. ಟ್ರೆವರ್ ನಮಗೆ ಬೆನ್ನು ಹಾಕಿ, ಕಾಂಕ್ರೀಟಿನ ಮೇಲೆ ಚೆಲ್ಲಿದ ಕುಂಕುಮವನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದ. ಉಜ್ಜಿದಷ್ಟೂ ಅದು ಹರಡುತ್ತಿತ್ತು.

ನಮ್ಮ ಜನರಿಗೆ ಪೂಜೆ ಮುಗಿದ ಮೇಲೆ ಇನ್ನೊಂದು ಪೂಜೆ ಉಂಟಲ್ಲ, ಫೋಟೋ. ಕಸ್ತೂರಿ ಫೋನ್ ತೆಗೆದಳು. ಬೆಳಕು ಸಾಲದೆಂದು ಮೇಜನ್ನು ಸುತ್ತಿ ಆಚೆ, ಗುರಿಗಳ ಕಡೆಗೆ ಹೋಗಿ ನಿಂತಳು. ಅಮೋಘ ಅಮ್ಮನ ಸೆರಗು ಹಿಡಿದು ಹಿಂದೆಯೇ ಹೋದ. "ರೀ, ಸ್ವಲ್ಪ ಎತ್ಕೊಳ್ಳಿ. ಮಲಗಿಸಿದ್ರೆ ಏನೂ ಕಾಣಲ್ಲ." ನಾಗರಾಜ ರೈಫಲ್ ಎತ್ತಿದ. "ಆ ಹಳದೀದು ತೆಗೀರಿ, ಚೆನ್ನಾಗಿಲ್ಲ." ನಾಗರಾಜ ಕಡ್ಡಿ ಎಳೆದು ಜೇಬಿಗೆ ಹಾಕಿಕೊಂಡ. ಎತ್ತಿ, ನಗುತ್ತ, ಹೆಂಡತಿಯ ಫೋನಿನ ಕಡೆಗೆ ತಿರುಗಿದ. ನಾವೆಲ್ಲ, ನಾನೂ ಸೇರಿ, ಅವನ ಹಿಂದೆ ನಿಂತು ಹಲ್ಲು ಕಿರಿಯುತ್ತಿದ್ದೆವು.

"ಸ್ಟಾಪ್!"

ಆ ದನಿ ನಾನು ಅದುವರೆಗೆ ಕೇಳಿದ್ದಲ್ಲ. ತಗಡಿನ ಶೆಡ್ಡು ಝುಂ ಎಂದಿತು. ತುದಿಯಲ್ಲಿದ್ದ ಫೆಲ್ಸಿ ತಟ್ಟೆ ಬಿಟ್ಟು ಓಡಿ ಬರುವಷ್ಟರಲ್ಲಿ ಪ್ರಣತಿ ಬೆಂಚಿನ ಮೇಲೆ ಎದ್ದು ನಿಂತಿದ್ದಳು. ಅಪ್ಪನಿಗೆ ಅರ್ಥವಾಗದೆ ಹೋದೀತು ಎಂಬಂತೆ ಮುಂದಿನದ್ದನ್ನು ಕನ್ನಡದಲ್ಲೇ ಹೇಳಿದಳು.

"ಅಪ್ಪ, ಗೋಡೆ ಕಡೆ ತಿರುಗಿಸಿ. ಕೆಳಗಿಡಿ. ಅಮ್ಮ, ಅಮೋಘ ಮುಂದೆ ಇದಾರೆ."

"ಖಾಲಿ ಇದೆ ಕಣೇ. ಅವ್ರೇ ನೋಡಿದ್ರಲ್ಲ."

"ಫಸ್ಟ್ ಕೆಳಗಿಡಿ. ಆಮೇಲೆ ಮಾತಾಡಿ."

ನಾಗರಾಜ ಕೆಳಗಿಟ್ಟ. ಕೈ ಬಿಟ್ಟು ಹಿಂದೆ ಸರಿದ. ಫೆಲ್ಸಿ ಬಂದು ರೈಫಲನ್ನು ಮತ್ತೆ ನೋಡಿ, ಅವನ ಜೇಬಿನತ್ತ ಕೈ ಚಾಚಿದರು. ಕಡ್ಡಿ ಸ್ವಸ್ಥಾನಕ್ಕೆ ಬಂತು. ಕಸ್ತೂರಿ ಮಗನ ಕೈ ಹಿಡಿದು ಈಚೆ ಬಂದಳು. ಎರಡು ಹೆಜ್ಜೆ ನಡೆದ ಮೇಲೆ ತಾನು ಎಲ್ಲಿ ನಿಂತಿದ್ದೆ ಎಂದು ತಿರುಗಿ ನೋಡಿದಳು. ಅವಳ ಮುಖದಲ್ಲಿ ಕುಂಕುಮ ಒಂದೇ ಉಳಿದಿತ್ತು, ರಕ್ತ ಇರಲಿಲ್ಲ.

ಪ್ರಣತಿ ಬೆಂಚಿನಿಂದ ಇಳಿದು ತಲೆ ತಗ್ಗಿಸಿದಳು. ಎಲ್ಲರೆದುರು ಅಪ್ಪನ ಮೇಲೆ ಕೂಗಿದ್ದಕ್ಕೆ ಈಗ ಏನು ಕಾದಿದೆಯೋ ಎಂದು. ನಾಗರಾಜನ ಬಾಯಿ ತೆರೆದದ್ದೂ ಅದಕ್ಕೇ. "ಇಷ್ಟ್ ಜನರ ಮುಂದೆ..." ಎಂದು ಶುರುಮಾಡಿದ.

ಅಷ್ಟರಲ್ಲಿ ಟ್ರೆವರ್, ಎರಡೂ ಕೈ ಕೆಂಪಾಗಿದ್ದವನು, ಅವಳ ಮುಂದೆ ಬಂದು ಮಂಡಿಯೂರಿದ. ಕೈ ಚಾಚಿದ. "ಗುಡ್ ಕಾಲ್, ಮೇಟ್," ಎಂದ. ಆಮೇಲೆ ನಮ್ಮತ್ತ ತಿರುಗಿ, ಹಾಗೆ ಕೂಗಿ ತಡೆಯಬೇಕಾದವನು ತಾನು, ಬೆನ್ನು ಹಾಕಿ ನಿಂತಿದ್ದೆ, ಎಂದ. ಕುಲುಕಿದ ಕೈಯಿಂದ ಅವಳ ಅಂಗೈಗೂ ಕುಂಕುಮ ಹತ್ತಿತು.

ನಾಗರಾಜ ಶುರುಮಾಡಿದ ಮಾತನ್ನು ಮುಗಿಸಲಿಲ್ಲ. ಹೆಂಡತಿಯನ್ನು ನೋಡಿದ, ಮಗನನ್ನು ನೋಡಿದ, ಮೇಜನ್ನು ನೋಡಿದ. "ಸರಿ ಹೇಳ್ದೆ ಪುಟ್ಟಿ," ಎಂದ. ಮೈಸೂರಿನವನ ಗಂಟಲಿಂದ ಅಷ್ಟು ಚಿಕ್ಕ ವಾಕ್ಯ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಫೆಲ್ಸಿ ಮಾತ್ರ ಹೊಗಳಲಿಲ್ಲ, ತಬ್ಬಿಕೊಳ್ಳಲಿಲ್ಲ. ನೆಲದ ಮೇಲೆ ಚೆಲ್ಲಿದ ಕೋಸಂಬರಿಯನ್ನು ದಾಟಿ ಬೀರುವಿನ ಹತ್ತಿರ ಹೋಗಿ ಒಂದು ಸಣ್ಣ ಕೋಟು ತಂದು ಅವಳ ಭುಜಕ್ಕೆ ಹಿಡಿದು ನೋಡಿದರು. "ತೋಳು ಸ್ವಲ್ಪ ಉದ್ದ ಉಂಟು. ಮಡಚುವಾ. ಬರುವ ಶನಿವಾರ ಬೆಂಚಿನಲ್ಲಿ ಕೂರ್ಬೇಡ."

"ಆಂಟಿ, ಡಿಡ್ ಐ ಪಾಸ್?" ಎಂದಳು ಹುಡುಗಿ.

"ಪಾಸ್ ಎಂತದು? ನೀನು ತಯಾರಾದೆ," ಎಂದರು ಫೆಲ್ಸಿ. ಹೇಳುತ್ತಲೇ ಕೋಟಿನ ತೋಳು ಮಡಚತೊಡಗಿದರು. ಕಿನ್ನಿಗೋಳಿಯ ಒಬ್ಬ ಹುಡುಗಿಯನ್ನು ಮೈದಾನ ಸುತ್ತಿಸಿದ ಆ ಉಸ್ತಾದ್ ಈಗ ಎಲ್ಲಿದ್ದಾರೋ. ಇದ್ದರೆ ಇದನ್ನು ನೋಡಬೇಕಿತ್ತು ಅನಿಸಿತು ನನಗೆ.

ಆಮೇಲೆ ನಾಗರಾಜನಿಗೆ ಗುಟ್ಟು ಗೊತ್ತಾಯಿತು. "ಇದನ್ನ ಮೊದಲೇ ಹೇಳಿದ್ರೆ ನಾವು ಮನೇಲೇ ಪ್ರಾಕ್ಟೀಸ್ ಮಾಡಿಸ್ತಿದ್ವಲ್ಲ ಮೇಡಂ," ಎಂದ. ಫೆಲ್ಸಿ ನನ್ನತ್ತ ನೋಡಿದರು. ನಾನು ಬೂದುಗುಂಬಳದತ್ತ ನೋಡಿದೆ.

ಸಮಿತಿಯ ಸಭೆಗೆ ನಾಗರಾಜ ಕೇಳದೆಯೇ ಹೋದ. ದೂರು ಕೊಟ್ಟವನು ತಾನೇ, ಹಿಂದೆ ತೆಗೆದುಕೊಳ್ಳುವವನೂ ತಾನೇ ಎಂದು ಎದ್ದು ನಿಂತು, ತಾನು ಹೇಗೆ ತನ್ನ ಹೆಂಡತಿ ಮಗನ ಕಡೆಗೆ ರೈಫಲ್ ತಿರುಗಿಸಿದೆ ಎಂಬುದನ್ನು ಒಂದೂ ಬಿಡದೆ ಹೇಳಿದ. ಅಷ್ಟು ಓದಿದವನು ಅಷ್ಟು ಜನರ ಮುಂದೆ ಹಾಗೆ ಹೇಳುವುದು ಸಣ್ಣ ಮಾತಲ್ಲ. ತರಗತಿ ಫೆಲ್ಸಿಯದೇ ಆಗಿ ಉಳಿಯಿತು. ಬೆಂಚು ಎಲ್ಲ ಮಕ್ಕಳಿಗೂ ಕಡ್ಡಾಯವಾಯಿತು. ಜೊತೆಗೆ ಟ್ರೆವರ್ ಒಂದು ನಿಯಮ ಸೇರಿಸಿದ: ಪೂಜೆ ಯಾವ ದೇವರಿಗೇ ಆಗಲಿ, ಫೋಟೋ ಹಳದಿ ಗೆರೆಯ ಹಿಂದಿನಿಂದ.

ಮರುವರ್ಷ ಬ್ರಿಸ್ಬೇನಿನಲ್ಲಿ ಕ್ಲಬ್ಬುಗಳ ಮಕ್ಕಳ ಪಂದ್ಯ. ಜೋಡಿ ವಿಭಾಗಕ್ಕೆ ಅಡಿಲೇಡಿನಿಂದ ಫೆಲ್ಸಿ ಆರಿಸಿದ್ದು ಪ್ರಣತಿ ಮತ್ತು ಜಾಕ್ಸನ್‌ರನ್ನು. ಒಬ್ಬಳು ಮೌನದಿಂದ ಎದ್ದವಳು, ಇನ್ನೊಬ್ಬನಿಗೆ ಮೌನವೆಂದರೇನೆಂದು ಇನ್ನೂ ಕಲಿಸಬೇಕು. ನಾಗರಾಜನ ಚಿಕ್ಕಪ್ಪನ ಮಗನ ಮನೆ ಅಲ್ಲಿನ ಇಂಡೂರೂಪಿಲ್ಲಿ ಬಡಾವಣೆಯಲ್ಲಿತ್ತು; ಎಲ್ಲರೂ ಅಲ್ಲೇ ಉಳಿದರು. ನನಗೂ ಅಲ್ಲಿನ ಒಬ್ಬ ಸಗಟು ವ್ಯಾಪಾರಿಯನ್ನು ನೋಡುವ ಕೆಲಸವಿತ್ತು, ಇತ್ತೆಂದು ದಾಕ್ಷಾಯಣಿಗೆ ಹೇಳಿದ್ದೆ.

ಇಲ್ಲೂ ನೆಲದ ಮೇಲೊಂದು ಗೆರೆ; ಅದರ ಹಿಂದೆ ಕೂತ ನಮಗೆ ಪಂದ್ಯದ ಸಾಲಿನಲ್ಲಿ ಮಕ್ಕಳ ಬೆನ್ನು ಮಾತ್ರ ಕಾಣುತ್ತಿತ್ತು. ಜಾಕ್ಸನ್ ಬೇಗ ಬೇಗ ಹೊಡೆದು ಮುಗಿಸಿ, ಕಡ್ಡಿ ತೂರಿಸಿ ಕೈಕಟ್ಟಿ ನಿಂತ. ಪ್ರಣತಿ ಹೊಡೆದದ್ದಕ್ಕಿಂತ ಇಳಿಸಿದ್ದೇ ಹೆಚ್ಚು. ಗುರಿ ಹಿಡಿಯುವಳು, ಸರಿ ಅನಿಸದಿದ್ದರೆ ರೈಫಲ್ ಇಳಿಸುವಳು, ಉಸಿರು ತೆಗೆದು ಮತ್ತೆ ಎತ್ತುವಳು. ಪಕ್ಕದಲ್ಲಿ ಕಸ್ತೂರಿ ನನ್ನ ಅಂಗಡಿಯ ಕರ್ಚೀಫನ್ನು ಹಿಂಡಿ ಹಗ್ಗ ಮಾಡಿದ್ದಳು. ಕೊನೆಯ 'ಟಪ್' ಸದ್ದು ಬಂದಾಗ ಇಡೀ ಸಾಲಿನಲ್ಲಿ ಉಳಿದಿದ್ದವಳು ಪ್ರಣತಿ ಒಬ್ಬಳೇ. ಮೇಲಿನ ಪರದೆಯ ಮೇಲೆ ಹೆಸರುಗಳು ಕದಲಿದವು. ಅಡಿಲೇಡ್ ಎರಡನೆಯ ಸಾಲಿನಲ್ಲಿತ್ತು. ಒಂದು ಕ್ಷಣ ಬಿಟ್ಟು ಮೊದಲ ಸಾಲಿಗೆ ಏರಿತು. ಅಲ್ಲೇ ನಿಂತಿತು.

ನಾಗರಾಜ ನನ್ನ ಬೆನ್ನಿಗೆ ಹೊಡೆದ ಪೆಟ್ಟು ಇನ್ನೂ ನೆನಪಿದೆ. ಫೆಲ್ಸಿ ಕುರ್ಚಿಯಿಂದ ಹಾರಿದರು. ವರ್ಷಗಟ್ಟಲೆ ಮಕ್ಕಳನ್ನು ಆ ಹಳದಿ ಗೆರೆಯ ಹಿಂದೆ ಕೂರಿಸಿದ ಹೆಂಗಸು ಎರಡೂ ಕೈ ಚಾಚಿಕೊಂಡು ಸೀದಾ ಹುಡುಗಿಯ ಕಡೆಗೆ ಓಡಿದರು. ಎಲ್ಲ ರೈಫಲ್ ಖಾಲಿ, ಸಾಲು ತೆರವಾಯಿತೆಂದು ಅಧಿಕಾರಿ ಇನ್ನೂ ಕೂಗಿರಲಿಲ್ಲ.

ಪ್ರಣತಿ ರೈಫಲಿಗೆ ಕಡ್ಡಿ ತೂರಿಸುತ್ತಿದ್ದಳು. ಹೆಜ್ಜೆಯ ಸದ್ದು ಕೇಳಿ, ತಲೆ ತಿರುಗಿಸದೆ, ಒಂದು ಕೈ ಮೇಲೆತ್ತಿದಳು.

"ಆಂಟಿ, ಸ್ಟಾಪ್. ಗೆರೆ."

ಫೆಲ್ಸಿ ನಿಂತರು. ಒಂದು ಕಾಲು ಗೆರೆಯ ಮೇಲೆ ಗಾಳಿಯಲ್ಲಿ, ಇನ್ನೊಂದು ನೆಲದಲ್ಲಿ, ಅಕ್ಕಿ ಚೀಲದ ಮೇಲೆ ಒಮ್ಮೆ ನಾನು ನಿಂತಂತೆ. ಎತ್ತಿದ ಕಾಲನ್ನು ಮೆಲ್ಲಗೆ ಹಿಂದಕ್ಕಿಟ್ಟರು. ಅಧಿಕಾರಿ ತೆರವಾಯಿತೆಂದು ಕೂಗುವವರೆಗೆ ಮಗ್ಗಿ ಹೇಳಲು ನಿಂತ ಶಾಲೆಯ ಹುಡುಗಿಯಂತೆ ಅಲ್ಲೇ ನಿಂತಿದ್ದರು. ಮುಖ ಮಾತ್ರ ನಮ್ಮ ಕಡೆಗೆ ತಿರುಗಿತ್ತು. ಪರದೆಯ ಮೇಲೆ ಹೆಸರು ಏರಿದಾಗಲೂ ಆ ಮುಖ ಅಷ್ಟು ಬೆಳಗಿರಲಿಲ್ಲ.

"ಕೇಳಿದ್ರಾ ಮಾರಾಯ್ರೆ?" ಎಂದರು. "ನನಗೇ ಹೇಳಿದಳು."